ಫ್ಯಾನಿನ ಕೆಳಗೆ ಆಫ್ರಿಕದ ಬೀಜ

ಗೇರುಬೀಜದ ಮೇಲೆ ಹೊಟ್ಟೆಕಿಚ್ಚು ಪಟ್ಟ ಮನುಷ್ಯ ನಾನೊಬ್ಬನೇ ಇರಬೇಕು. ಅರಂತೋಡಿನ ಸುತ್ತಮುತ್ತ ಬೀಜ ಒಟ್ಟುಮಾಡಿ ಪುತ್ತೂರಿನ ಒಂದು ಫ್ಯಾಕ್ಟರಿಗೆ ಕೊಡುವುದು ನನ್ನ ವ್ಯಾಪಾರ. ಈ ಸಲ ಪಿಕಪ್ಪಿನಲ್ಲಿ ಮೂಟೆ ಹೇರಿಕೊಂಡು ಹೋದರೆ ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ. ಹಡಗಿನಲ್ಲಿ ಬಂದ ಆಫ್ರಿಕದ ಬೀಜ, ಮದುವೆಯಾಗಿ ಮೊದಲ ಸಲ ಮಾವನ ಮನೆಗೆ ಬಂದ ಅಳಿಯನ ಹಾಗೆ ಫ್ಯಾನಿನ ಕೆಳಗೆ ಮಲಗಿತ್ತು. ನನ್ನ ಮೂಟೆಗಳನ್ನು ಅಂಗಳದ ಬಿಸಿಲಿಗೆ ಇಳಿಸಿದರು. ರೇಟೂ ಇಳಿದಿತ್ತು.

"ಎಂತ ಮಾರಾಯ್ರೆ ಇದು?" ಎಂದು ಹೊಸ ಮ್ಯಾನೇಜರನ್ನು ಕೇಳಿದೆ.

"ಸರಕಾರ ಆಮದು ಸುಂಕ ಇಳಿಸಿದೆಯಲ್ಲ, ಧಣಿಗಳು ಒಟ್ಟಿಗೇ ತರಿಸಿದ್ದಾರೆ," ಎಂದರು. "ನಿಮ್ಮ ಬೀಜ ಮಳೆಗಾಲಕ್ಕೆ ಮುಗಿಯುತ್ತದೆ. ಮತ್ತೆ ಈ ಹೆಂಗಸರಿಗೆ ಕೆಲಸ ಕೊಡುದು ಯಾರು?"

ಬೀಜ ಸುಲಿಯುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿ ನನ್ನನ್ನೇ ನೋಡಿದರು. ಅವರ ನಡುವೆ ಪುತ್ತೂರಿಗೆ ಕೊಟ್ಟ ನನ್ನ ತಂಗಿಯೂ ಇದ್ದಳು. ಸರಕಾರಕ್ಕೆ ಬೈಯಲು ಹೊರಟವನು ಇಳಿದ ರೇಟಿಗೇ ಮೂಟೆ ತೂಗಿಸಿದೆ.

ಸಮಾಧಾನಕ್ಕೆಂದು ಮ್ಯಾನೇಜರು ಚಹಾದ ಜೊತೆ ಹುರಿದ ಬೀಜ ತಂದಿಟ್ಟರು. ಆಫ್ರಿಕದ್ದೇ. ಕಹಿ ಇರಲಿ ದೇವರೇ ಎಂದುಕೊಂಡು ಒಂದನ್ನು ಬಾಯಿಗೆ ಹಾಕಿದೆ. ಹಾಳಾದ್ದು, ರುಚಿಯಾಗಿತ್ತು.

ಮನೆಗೆ ಬಂದು ವಿಷಯ ಹೇಳಿದಾಗ ಹೆಂಡತಿ, "ಆಫ್ರಿಕದ ಬೀಜ ಹೇಗುಂಟು?" ಎಂದು ಕೇಳಿದಳು.

"ಸಪ್ಪೆ. ನಮ್ಮದರ ಹತ್ತಿರವೂ ಬರುದಿಲ್ಲ."

ಅದು ಸಪ್ಪೆಯಾಗಿಯೇ ಉಳಿಯುತ್ತಿತ್ತು. ಆದರೆ ಸಂಜೆ ತಂಗಿ ಫೋನು ಮಾಡಿ, ಅಣ್ಣ ಪ್ಲೇಟು ಖಾಲಿ ಮಾಡಿ ಎದ್ದದ್ದನ್ನು ಅತ್ತಿಗೆಗೆ ಹೇಳಿಬಿಟ್ಟಳು.