ಮದುವೆ ಸೀರೆಯ ಸೆರಗಿನಲ್ಲಿ ನನ್ನ ಹೆಸರು

ಗದಗ ಹೊಸ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿರಬಹುದು. ನಾನು ಆಗ ಹುಲಕೋಟಿಯಿಂದ ದಿನಾ ಬಸ್ಸಿನಲ್ಲಿ ಗದಗಿಗೆ ಹೋಗಿ ಬಟ್ಟೆ ವಿನ್ಯಾಸದ ಡಿಪ್ಲೊಮಾ ಓದುತ್ತಿದ್ದೆ. ಸೀರೆಯ ಅಂಚು, ಸೆರಗು ಬಿಡಿಸುವ ಒಂದು ಸಾಫ್ಟ್‌ವೇರನ್ನು ಕಾಲೇಜಿನವರು ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಟ್ಟಿದ್ದರು. ಬೇರೆಯವರಿಗೆ ಕೊಡಬಾರದು, ಅದರಲ್ಲಿ ಮಾಡಿದ್ದನ್ನು ಮಾರಬಾರದು ಎಂಬ ಷರತ್ತಿತ್ತು. ಓದಿ ಒಪ್ಪಿದ್ದೇನೆ ಎಂದು ಗುಂಡಿ ಒತ್ತಿದ್ದೆ. ಓದಿರಲಿಲ್ಲ.

ಬೆಟಗೇರಿಯ ಇಕ್ಬಾಲ್ ನನ್ನ ಗೆಳೆಯ. ಅವನ ತಂದೆ ಮಗ್ಗದ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುವವರು. ಚೌಕದ ಕಾಗದದ ಮೇಲೆ ಚಿತ್ರ ಹೇಗಿರುತ್ತದೋ ಹಾಗೆ ಅವರು ತೂತು ಹೊಡೆಯುತ್ತಾರೆ, ಆ ತೂತಿನಂತೆ ಮಗ್ಗ ಅದನ್ನೇ ಮತ್ತೆ ಮತ್ತೆ ನೇಯುತ್ತದೆ. ಇಕ್ಬಾಲನಿಗೆ ಲಕ್ಷ್ಮೇಶ್ವರದ ಒಂದು ಮನೆಯಿಂದ ಮದುವೆ ಸೀರೆಯ ಕೆಲಸ ಬಂದಿತ್ತು. ಅವನ ಸ್ವಂತ ವಿನ್ಯಾಸದ ಮೊದಲ ಸೀರೆ ಅದು.

"ಲೇ ಗಂಗ್ಯಾ, ನಿನ್ನ ಸಾಫ್ಟ್‌ವೇರ್ ನನ್ನ ಕಂಪ್ಯೂಟರಿಗೆ ಹಾಕಿಕೊಡಲೇ. ಇದೊಂದು ಸೀರಿ ಚಂದ ಆತಂದ್ರ ಮುಂದಿನ ಕೆಲಸ ತಾವ ಬರ್ತಾವ" ಅಂದ. ಹಾಕಿಕೊಟ್ಟೆ.

ಪರದೆಯ ಮೇಲೆ ಕಾಣದ ಒಂದು ಸಾಲು ಕಾಗದದ ಮೇಲೆ ಮುದ್ರಿಸಿದಾಗ ಮಾತ್ರ ಕೆಳಗೆ ಮೂಡುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ 'ವಿದ್ಯಾರ್ಥಿ' ಎಂಬ ಪದ, ಪಕ್ಕದಲ್ಲಿ ನನ್ನ ಹೆಸರು. ಇಕ್ಬಾಲ್ ಅಂಗಡಿಯಲ್ಲಿ ಮುದ್ರಿಸಿ, ಸುರುಳಿ ಸುತ್ತಿದ್ದನ್ನು ಹಾಗೇ ತಂದೆಗೆ ಕೊಟ್ಟು ರೇಷ್ಮೆ ತರಲು ಹೋಗಿದ್ದ. ಬೆಟಗೇರಿಯಲ್ಲಿ ಮದುವೆ ಸೀರೆಯ ಸೆರಗಿಗೆ ಅಳಿಯನ ಹೆಸರು ನೇಯಿಸುವವರು ಉಂಟು. ಇಂಗ್ಲಿಷ್ ಬಾರದ ಅವನ ತಂದೆ ಇದೂ ಅಂಥದ್ದೇ ಎಂದುಕೊಂಡು ಒಂದು ಅಕ್ಷರವೂ ಬಿಡದಂತೆ ತೂತು ಹೊಡೆದರು. ಮಗ್ಗದಲ್ಲಿ ಸೀರೆಯ ಒಳಮೈ ಮೇಲಿರುತ್ತದೆ. ಅಕ್ಷರ ತಿರುವುಮುರುವಾಗಿದ್ದರಿಂದ ನೇಯುವವರಿಗೂ ಅದೊಂದು ಬಳ್ಳಿಯ ಹಾಗೆ ಕಂಡಿತು. ಮಗ್ಗದಿಂದ ಇಳಿಸಿ ಮಡಚಿಟ್ಟ ಸೀರೆಯನ್ನು ಇಕ್ಬಾಲ್ ಬಿಚ್ಚಿ ನೋಡದೆ ಲಕ್ಷ್ಮೇಶ್ವರಕ್ಕೆ ಕೊಟ್ಟುಬಂದ.

ಮದುವೆ ಹತ್ತಿರ ಬಂದಾಗ ಇಕ್ಬಾಲ್ ನಮ್ಮ ಮನೆಗೆ ಓಡಿ ಬಂದ.

"ಸೆರಗಿನ ತುಂಬ ನಿನ್ನ ಹೆಸರು ಐತಿ. ಅಳಿಯನ ಹೆಸರು ಮಂಜುನಾಥ. ಹುಡುಗಿ ಗದಗಿನ ಕಾಲೇಜಿಗೆ ಹೋಗಾಕಿ. ಈ ಗಂಗಾಧರ ಅನ್ನೋ ವಿದ್ಯಾರ್ಥಿ ಯಾರು ಅಂತ ಮನ್ಯಾಗ ಆಕಿನ್ನ ಹಿಡಕೊಂಡಾರ. ಮದವಿ ಮುರಿಯೂ ಹಂಗ ಐತಿ!"

ಆ ಹುಡುಗಿಯನ್ನು ನಾನು ನೋಡಿಯೂ ಇರಲಿಲ್ಲ. ಹೋದರೆ ಒದೆ ಗ್ಯಾರಂಟಿ, ಹೋಗದಿದ್ದರೆ ಅವಳ ಗತಿ ಏನು? ಅವನ ಕಂಪ್ಯೂಟರ್ ಹೊತ್ತುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು.

ಪಡಸಾಲೆಯಲ್ಲಿ ಸೀರೆ ಹರವಿತ್ತು. ಹುಡುಗಿ ಶೈಲಾ ಅತ್ತತ್ತು ಕಣ್ಣು ಊದಿಸಿಕೊಂಡು ಅಜ್ಜಿಯ ಪಕ್ಕ ಕೂತಿದ್ದಳು. ಅವಳ ತಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಹೆಸರೇನಪಾ?"

"ಗಂಗಾಧರ ರೀ."

ಅವರು ಎದ್ದೇ ಬಿಟ್ಟರು. ಅಜ್ಜಿ ಕೈ ಅಡ್ಡ ಹಿಡಿದು, "ತಡಿಯೋ, ಹುಡುಗ ತಾನಾಗೇ ಬಂದಾನ, ಏನು ಹೇಳ್ತಾನ ಕೇಳೂಣು" ಅಂದರು. ಷರತ್ತು, ಸಾಫ್ಟ್‌ವೇರ್, ತಪ್ಪು ಎಲ್ಲಾ ಹೇಳಿದೆ. ಯಾರಿಗೂ ನಂಬಿಕೆ ಬರಲಿಲ್ಲ.

"ಖರೆ ಇದ್ರ ನಮ್ಮ ಮುಂದ ಒಂದು ಆಕಳ ಚಿತ್ರ ತಗಿ. ಅದಕ್ಕೂ ನಿನ್ನ ಹೆಸರು ಬರ್ತೈತೇನು ನೋಡೂಣು" ಅಂದರು ಅಜ್ಜಿ.

ಇಕ್ಬಾಲ್ ಅವಸರದಲ್ಲಿ ಆಕಳು ಬಿಡಿಸಿದ. ನೋಡಿದರೆ ಆಡಿನಂತಿತ್ತು. ಹುಡುಗಿಯ ತಂದೆ ಕಂಪ್ಯೂಟರ್ ಹೊರಿಸಿಕೊಂಡು ತಾವೇ ಜೊತೆಗೆ ಬಂದು ಬಜಾರದ ಝೆರಾಕ್ಸ್ ಅಂಗಡಿಯಲ್ಲಿ ನಿಂತು ಮುದ್ರಿಸಿಕೊಂಡರು. ಆಕಳ ಕಾಲಡಿಯಲ್ಲಿ ನನ್ನ ಹೆಸರು ನೆಟ್ಟಗೆ ಬಂತು. ಅವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಮನೆಗೆ ಬಂದು ಮಗಳ ತಲೆಯ ಮೇಲೆ ಕೈಯಿಟ್ಟು, "ತಪ್ಪಾತವ್ವಾ" ಅಂದರು. ಶೈಲಾ ಮತ್ತೆ ಅತ್ತಳು.

ಸೀರೆಯ ಮಾತು ಉಳಿಯಿತು. ಇಕ್ಬಾಲ್ ಬೇರೆ ನೇಯ್ದು ಕೊಡುತ್ತೇನೆಂದ, ಸಮಯವಿರಲಿಲ್ಲ. ಮದುವೆ ಸೀರೆಗೆ ಕತ್ತರಿ ಹಾಕಬಾರದು ಎಂದರು ಹೆಂಗಸರು. ಆಗ ಅಜ್ಜಿ ನನ್ನತ್ತ ತಿರುಗಿ, "ಈಕಿಗೆ ಅಣ್ಣ ತಮ್ಮ ಇಲ್ಲ. ಸೀರಿ ಮ್ಯಾಲೆ ಹೆಸರು ಹಾಕಿಸಿಕೊಂಡೀಯಲ್ಲ, ಇನ್ನ ಮ್ಯಾಲೆ ನೀನ ಅಣ್ಣ. ನಾಗರ ಪಂಚಮಿಗೆ ತವರಿಗೆ ಕರಕೊಂಡು ಬರೂದು ನಿನ್ನ ಪಾಳಿ" ಅಂದರು. ಕೇಳಿದವರಿಗೆಲ್ಲ ಸೆರಗಿನಲ್ಲಿರುವುದು ಅಣ್ಣನ ಹೆಸರು ಎಂದೇ ಹೇಳಿದರು. ಶೈಲಾ ಅದೇ ಸೀರೆ ಉಟ್ಟು ಧಾರೆಗೆ ನಿಂತಳು. ನಾನು ಅಣ್ಣನ ಜಾಗದಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದೆ, ಬೆವರು ಒರೆಸಿಕೊಳ್ಳುತ್ತ.

ಇಕ್ಬಾಲ್ ಆಮೇಲೆ ದುಡಿದು ಅದೇ ಸಾಫ್ಟ್‌ವೇರನ್ನು ತನ್ನ ಹೆಸರಿನಲ್ಲಿ ಕೊಂಡ. ಶೈಲಾಳ ಗಂಡನ ಮನೆ ಹಮ್ಮಿಗಿಯಲ್ಲಿದೆ. ಪ್ರತಿ ಪಂಚಮಿಗೆ ಮುಂಡರಗಿಯಲ್ಲಿ ಬಸ್ಸು ಬದಲಿಸಿ ಕರೆಯಲು ಹೋಗುತ್ತೇನೆ. ಮೊದಲೆರಡು ಸಲ ಅಜ್ಜಿಯ ಮಾತಿಗೆ ಕಟ್ಟುಬಿದ್ದು ಹೋದದ್ದು ನಿಜ. ಈಗ ಅಜ್ಜಿ ಇಲ್ಲ. ಈ ವರ್ಷ ಬಸ್ಸು ಕೆಟ್ಟು ತಡವಾಗಿ ತಲುಪಿದೆ. ಶೈಲಾ ಆ ಸೀರೆಯನ್ನೇ ಉಟ್ಟು, ಚೀಲ ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಇಷ್ಟೊತ್ತು ಎಲ್ಲಿ ಹೋಗಿದ್ದಿ ಅಣ್ಣಾ?" ಎಂದು ಜಗಳಕ್ಕೇ ಬಂದಳು.