ಚಿಕ್ಕ ಪಾತ್ರೆ

ಮೆಲ್ಬರ್ನ್‌ನ ಆ ನೂಡಲ್ಸ್ ಅಂಗಡಿಯ ಆಂಟಿ, ಯಾರೇನು ಹೇಳಹೊರಟರೂ "ಈಟ್ ಫಸ್ಟ್" ಎನ್ನುತ್ತಿದ್ದರು. ಡಾಕ್ಟರ್ ಲೈಸೆನ್ಸಿನ ಪರೀಕ್ಷೆಗೆಂದು ಸಿಡ್ನಿಯಿಂದ ಬಂದಿದ್ದ ನಾನು, "ನೋ ಮೀಟ್" ಎಂದರೆ ಸಾಕೆಂದುಕೊಂಡು ಚಮಚ ಎತ್ತಿದ್ದೆ. ಅವರು ಓಡಿಬಂದು, "ಫಿಶ್ ಸಾಸ್, ಓಕೆ?" ಎಂದರು. ನನ್ನ ಮುಖ ನೋಡಿ ಬಟ್ಟಲನ್ನೇ ಎತ್ತಿಕೊಂಡು ಹೋದರು. ಕ್ಯೂ ಬೆಳೆಯುತ್ತಿದ್ದರೂ ಚಿಕ್ಕ ಪಾತ್ರೆಯಲ್ಲಿ ಅಣಬೆ ಕುದಿಸಿ ಬೇರೆ ಸಾರು ಮಾಡಿಕೊಟ್ಟರು.

ಮರುವರ್ಷ ಗಂಡನೊಂದಿಗೆ ಹೋದೆ. "ಆಕಿಗೆ ನಿನ್ನ ನೆನಪ ಎಲ್ಲಿರ್ತದ? ಮೀನಿನ ಸಾಸ್ ಬ್ಯಾಡಂತ ಮೊದಲ ಹೇಳು," ಎಂದರು ಇವರು. ನಮ್ಮ ಸರದಿ ಬರುವಷ್ಟರಲ್ಲಿ ಚಿಕ್ಕ ಪಾತ್ರೆ ಒಲೆಯೇರಿತ್ತು.

"ಹೋದ ಸಲ ಫೇಲ್ ಆದೆ. ನಾಳೆ ಮತ್ತೆ ಎಕ್ಸಾಮ್," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಈಟ್ ಫಸ್ಟ್."

ತಿಂದೆದ್ದಾಗ ಆ ಪಾತ್ರೆಯನ್ನು ತೊಳೆದು, ಒಳಗಿಡದೆ ಒಲೆಯ ಪಕ್ಕದಲ್ಲೇ ಬೋರಲು ಹಾಕಿದರು. "ಟುಮಾರೋ, ಆಫ್ಟರ್ ಎಕ್ಸಾಮ್," ಎಂದರು.