ಮಾತೆಯ ಮುಂದಿನ ನೀಲಿ ಗಾಜು

ಆ ಸೋಮವಾರ ಬೆಳಿಗ್ಗೆ ಎದ್ದು ಕುಚ್ಚಲಕ್ಕಿ ಗಂಜಿಗಿಟ್ಟೆ. ಕೋಳಿಗಳಿಗೆ ತೌಡು ಕಲಸಿ ಹಾಕಿದೆ. ಒಣಗದ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವಿದೆ. ಆಸ್ಪತ್ರೆಗೆ ಹೋಗಿ, ವಾರ್ಡಿನಲ್ಲಿ ಮಲಗಿದ್ದ ನನ್ನ ಗಂಡ ಲಾರೆನ್ಸರ ಮೈ ಒರೆಸಿ ಅಂಗಿ ಬದಲಿಸಿದೆ. ಮತ್ತೆ ಅದೇ ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ಬಂದು ಸ್ಲೈಡುಗಳನ್ನು ತೊಳೆದಿಟ್ಟೆ. ಕೆಲಸ ಕಲಿಯಲು ಅಜ್ಜಾವರದಿಂದ ಬಂದಿದ್ದ ವಾರಿಜಳಿಗೆ, ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡುವ ನೀಲಿ ದ್ರಾವಣ ತಯಾರಿಸುವ ಕ್ರಮ ಹೇಳಿಕೊಟ್ಟೆ. ಅವಳು ಅದನ್ನು ಗುಂಡು ಹೊಟ್ಟೆಯ ಉರುಟು ಗಾಜಿನ ಬುರುಡೆಯಲ್ಲಿ ತುಂಬಿಸಿದಳು.

ಅದು ೧೯೬೪ರ ಆಟಿ ತಿಂಗಳು, ಮಳೆ ಬಿಡದೆ ಸುರಿಯುವ ಕಾಲ. ಲಾರೆನ್ಸರು ಗುಂಡ್ಯದ ಮರದ ಡಿಪೋದಲ್ಲಿ ಗುಮಾಸ್ತರು. ಹಿಂದಿನ ವಾರ ಜ್ವರದಲ್ಲಿ ನಡುಗುತ್ತಾ ಬಸ್ಸಿನಿಂದ ನಮ್ಮೂರು ಪುತ್ತೂರಿನಲ್ಲಿ ಇಳಿದಿದ್ದರು. ಟೈಫಾಯ್ಡ್ ಎಂದು ಔಷಧ ನಡೆಯುತ್ತಿತ್ತು, ಜ್ವರ ಇಳಿಯಲಿಲ್ಲ. ಭಾನುವಾರದಿಂದ ಅವರಿಗೆ ನನ್ನ ಗುರುತೂ ಸಿಗುತ್ತಿರಲಿಲ್ಲ.

"ಡಾಕ್ಟರೇ, ಗುಂಡ್ಯದ ಕಾಡಿನ ಜ್ವರ. ಮಲೇರಿಯಾ ಇರಬಹುದಾ?" ಎಂದು ಕೇಳಿದೆ.

"ಇರಬಹುದು ಬಾಯಮ್ಮ. ಆದರೆ ನಾಡಿ ನೋಡಿ, ಎಷ್ಟು ಸಣ್ಣ ಆಗಿದೆ. ಊಹೆಯ ಮೇಲೆ ಕ್ವಿನೈನ್ ಚುಚ್ಚಿದರೆ ಹೃದಯ ನಿಂತೀತು. ರಕ್ತದಲ್ಲಿ ಕ್ರಿಮಿ ಉಂಟು ಅಂತ ತೋರಿಸಿ, ಈಗಲೇ ಚುಚ್ಚುತ್ತೇನೆ. ನಾಳೆಯವರೆಗೆ ಕಾಯುವ ಹಾಗೆ ಇಲ್ಲ."

ಅವರ ರಕ್ತ ಹಚ್ಚಿದ ಸ್ಲೈಡಿಗೆ ಬಣ್ಣ ಹಾಕಿಯಾಗಿತ್ತು. ಇಲ್ಲದ್ದು ಬೆಳಕು. ನಮ್ಮ ಮೈಕ್ರೋಸ್ಕೋಪು ಕಿಟಕಿಯ ಬೆಳಕನ್ನು ಕನ್ನಡಿಯಿಂದ ಹಿಡಿಯುವಂಥದ್ದು. ಹೊರಗೆ ಹಗಲೇ ಕತ್ತಲು, ತಂತಿಯ ಮೇಲೆ ಮರ ಬಿದ್ದು ಕರೆಂಟೂ ಇರಲಿಲ್ಲ. ದರ್ಬೆಯಲ್ಲಿ ರಾತ್ರಿಯ ಮದುವೆಗಳಿಗೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಇಬ್ರಾಹಿಂ ಬ್ಯಾರಿಗೆ ಹೇಳಿ ಕಳಿಸಿದೆ. ಅವರೇ ಹೊತ್ತು ತಂದರು.

"ಎಂತ ಬಾಯಮ್ಮ, ಹಗಲಿಗೆ ಮದುವೆಯಾ?" ಎಂದರು. ವಿಷಯ ತಿಳಿದ ಮೇಲೆ "ಬಾಡಿಗೆ ಗೀಡಿಗೆ ಹೇಳಬೇಡಿ. ಲಾರೆನ್ಸ್ ಪೋರ್ಬುಗಳು ಎದ್ದು ಕೂತುಕೊಳ್ಳಲಿ" ಎಂದು ಪಂಪು ಹಾಕಿ ಹೊತ್ತಿಸಿಕೊಟ್ಟು ಹೋದರು.

ಆದರೆ ಆ ಹಳದಿ ಬೆಳಕಿನಲ್ಲಿ ನೀಲಿ ಬಣ್ಣ ಸತ್ತು ಹೋಗುತ್ತದೆ. ಕ್ರಿಮಿಗೆ ಹಿಡಿಯುವುದು ನೀಲಿ ಬಣ್ಣವೇ. ಕಸವೂ ಕ್ರಿಮಿಯೂ ಒಂದೇ ಕಪ್ಪು. ಹಳದಿಯನ್ನು ತಡೆಯಲು ಬೆಳಕಿಗೆ ಅಡ್ಡ ಇಡುವ ನೀಲಿ ಗಾಜಿನ ಬಿಲ್ಲೆ ಹಿಂದಿನ ವರ್ಷವೇ ಒಡೆದಿತ್ತು. ಡಾಕ್ಟರೂ ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು.

ಗಂಜಿ ತರಲು ಮನೆಗೆ ಹೋದೆ. ಅತ್ತೆ ಮಗನಿಗಾಗಿ ಮಾತೆಗೆ ಒಂಬತ್ತು ದಿನದ ನವೇನ ಪ್ರಾರ್ಥನೆ ಹಿಡಿದು, ಪೀಠದ ಮೇಲಿನ ಅವಳ ಪ್ರತಿಮೆಯ ಮುಂದೆ ನೀಲಿ ಗಾಜಿನೊಳಗೆ ಎಣ್ಣೆ ದೀಪ ಇಟ್ಟಿದ್ದರು. ಆ ಗಾಜಿನಿಂದ ಹೊರಬಂದ ಬೆಳಕು ಪೀಠದ ಬಟ್ಟೆಯ ಮೇಲೆ ಬೆಳಗಿನ ಬೆಳಕಿನಂತೆ ಬಿದ್ದಿತ್ತು. ಒಡೆದ ಬಿಲ್ಲೆಯ ಬದಲಿಗೆ ಇದೇ ಸಾಕು ಅನ್ನಿಸಿತು.

"ಅಮ್ಮ, ಈ ಗಾಜು ಒಂದು ಗಳಿಗೆ ಲ್ಯಾಬಿಗೆ ಬೇಕಿತ್ತು."

"ನಿನಗೆ ಮರುಳಾ? ಹರಕೆಯ ದೀಪ ನಡುವಲ್ಲಿ ಆರಿಸುದುಂಟಾ? ಅದೂ ನಿನ್ನ ಆ ಕಫ, ಮೂತ್ರದ ಕೋಣೆಗೆ!"

"ಅವರಿಗೋಸ್ಕರವೇ ಅಮ್ಮ."

"ಇದೂ ಅವನಿಗೋಸ್ಕರವೇ. ನಿನ್ನ ಕೆಲಸ ನೀನು ಮಾಡು, ಮಾತೆಯ ಕೆಲಸ ಮಾತೆ ಮಾಡ್ತಾಳೆ. ಹೋಗು, ಗಂಜಿ ತಣಿಯುತ್ತದೆ."

ಮುದುಕಿಯ ಕೈಯಿಂದ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಗಂಜಿಯ ಪಾತ್ರೆ ಹಿಡಿದು ಕೊಡೆಯಡಿಯಲ್ಲಿ ನಡೆಯುವಾಗ ನಾನು ಮಾತೆಯಲ್ಲಿ ಗಂಡನ ಜೀವ ಕೇಳಲಿಲ್ಲ. ಅದನ್ನು ಅತ್ತೆ ಕೇಳುತ್ತಿದ್ದರು. "ಅಮ್ಮಾ, ನೋಡುವಷ್ಟು ಬೆಳಕು ಕೊಡು" ಎಂದಷ್ಟೇ ಕೇಳಿದೆ.

ಲ್ಯಾಬಿನ ಬಾಗಿಲು ದಾಟುವಾಗ ಕಾಲು ನಿಂತಿತು. ವಾರಿಜ ತನ್ನ ಕೆಲಸಕ್ಕೆ ಕಾಣಲೆಂದು ಗ್ಯಾಸ್‌ಲೈಟನ್ನು ಮೇಜಿನ ಮೂಲೆಗೆ ಸರಿಸಿದ್ದಳು. ಅದರ ಮುಂದೆಯೇ ಬೆಳಿಗ್ಗೆಯ ನೀಲಿ ದ್ರಾವಣದ ಬುರುಡೆ. ಮನೆಯ ಪೀಠದ ಬಟ್ಟೆಯ ಮೇಲೆ ಕಂಡ ಅದೇ ತಣ್ಣಗಿನ ಬೆಳಕು ಇಲ್ಲಿ ಮೇಜಿನ ಮೇಲೆ, ಉರುಟು ಗಾಜಿನಲ್ಲಿ ಒಂದುಗೂಡಿ ಇನ್ನೂ ಗಟ್ಟಿಯಾಗಿ ಬಿದ್ದಿತ್ತು.

"ವಾರಿಜ, ಅದನ್ನು ಮುಟ್ಟಬೇಡ!"

"ಅಯ್ಯೋ, ನಾನು ಎಂತ ಮಾಡಿದೆ ಬಾಯಮ್ಮ?"

ಮೈಕ್ರೋಸ್ಕೋಪನ್ನು ಆ ಬೆಳಕಿನೆದುರು ತಂದಿಟ್ಟು ಕನ್ನಡಿ ತಿರುಗಿಸಿದೆ. ನೀಲಿ ನೀಲಿಯಾಗಿ, ಕೆಂಪು ಕೆಂಪಾಗಿ ಎದ್ದು ನಿಂತವು. ರಕ್ತದ ಕಣಗಳೊಳಗೆ ಸಣ್ಣ ಉಂಗುರಗಳು, ಒಂದೊಂದಕ್ಕೂ ಕೆಂಪು ಹರಳು. ಡಾಕ್ಟರನ್ನು ಕರೆಸಿದೆ. ಅವರು ನೋಡಿ, ಸ್ಲೈಡು ಸರಿಸಿ ಮತ್ತೊಮ್ಮೆ ನೋಡಿ, "ಉಂಟು" ಎಂದರು. ಅಲ್ಲಿಂದ ನೇರ ವಾರ್ಡಿಗೆ ನಡೆದರು.

ಬುಧವಾರ ಮಧ್ಯಾಹ್ನ ಲಾರೆನ್ಸರು ಕಣ್ಣು ಬಿಟ್ಟು, "ನಿನಗೆ ಇವತ್ತು ಕೆಲಸ ಇಲ್ವಾ?" ಎಂದು ಕೇಳಿದರು.

ಆಮೇಲೆ ಸುಳ್ಯ, ಕಡಬದ ಕಡೆಯಿಂದ ಕಲಿಯಲು ಬಂದವರಿಗೆಲ್ಲ ಮಳೆಗಾಲದಲ್ಲಿ ಆ ಬುರುಡೆಯನ್ನು ದೀಪದ ಮುಂದೆ ಇಟ್ಟು ತೋರಿಸಿದ್ದೇನೆ. ಅದು ಬೆಳಕಿನ ಗುಣ ಎಂದು ಕೆಲವರು ಹೇಳುತ್ತಾರೆ. ಹೌದು, ಪಾಠದಲ್ಲಿ ನಾನೂ ಹಾಗೆಯೇ ಹೇಳುತ್ತೇನೆ. ಆದರೆ ಆ ದಿನ ಅದನ್ನು ನನಗೆ ಮೊದಲು ತೋರಿಸಿಕೊಟ್ಟವಳು ಮಾತೆ. ಅವಳಿಗೆ ನನ್ನ ವಂದನೆ.

ಲಾರೆನ್ಸರನ್ನು ಮನೆಗೆ ಕರೆತಂದ ದಿನ ನವೇನ ಮುಗಿದಿದ್ದರೂ ದೀಪ ಉರಿಯುತ್ತಲೇ ಇತ್ತು.

"ನಿನಗೆ ಗಾಜು ಬೇಕಿತ್ತಲ್ಲ, ಈಗ ಕೊಂಡುಹೋಗು" ಎಂದರು ಅತ್ತೆ.

"ಬೇಡ ಅಮ್ಮ, ಅದು ಅಲ್ಲೇ ಇರಲಿ."

ಲಾರೆನ್ಸರಿಗೆ ಉಪ್ಪು ಹಾಕಿದ ತಿಳಿ ಗಂಜಿ. ನಮಗೆ ಗಂಜಿಯ ಜೊತೆ ಸುಟ್ಟ ಒಣಮೀನು, ಮಾವಿನ ಉಪ್ಪಿನಕಾಯಿ. ಒಂಬತ್ತು ದಿನ ಸರಿಯಾಗಿ ಕಣ್ಣು ಮುಚ್ಚದ ಅತ್ತೆ, ಜಪಮಾಲೆ ಕೈಯಲ್ಲಿ ಇದ್ದ ಹಾಗೆಯೇ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ದೀಪಕ್ಕೆ ಎಣ್ಣೆ ನಾನು ಹೊಯ್ದೆ.